ವನದ್ರವ್ಯದ ಸ್ವತ್ವವೂ ಪರವಾನಗಿಯೂ

ಕಾಡಿನಿಂದ ಜೇನು, ನೆಲ್ಲಿಕಾಯಿ, ಸೀಗೆ, ಅಂಟುವಾಳ, ಬಿದಿರು, ಮದ್ದಿನ ಬೇರು ಇವನ್ನು ತರಬೇಕೆನ್ನುವವನು ಅರಣ್ಯಾಧಿಕಾರಿಗೆ ಅರ್ಜಿ ಕೊಟ್ಟು ಪರವಾನಗಿಯನ್ನು ಪಡೆಯತಕ್ಕದ್ದೆಂಬ ಮಾತು ಬಹುಕಾಲದ ರೂಢಿಯಿಂದ ಸಹಜವೆಂಬಂತೆ ತೋರುತ್ತಿರುವುದು. ವಸ್ತು ಯಾವುದು, ಎಷ್ಟು, ಯಾವ ಕಾಡಿನಿಂದ, ಯಾವ ಅವಧಿಯಲ್ಲಿ ಎಂಬಿಷ್ಟನ್ನು ಬರೆದುಕೊಡುವುದೂ, ಶುಲ್ಕವನ್ನು ತೆರುವುದೂ, ಹೊರೆಯನ್ನು ಸಾಗಿಸುವಾಗ ರಹದಾರಿಯನ್ನು ಕೈಯಲ್ಲಿಟ್ಟುಕೊಳ್ಳುವುದೂ ಕೇವಲ ಕಚೇರಿಯ ಕ್ರಮಗಳೆಂದು ತೋರಬಹುದು. ಆದರೆ ಈ ಕ್ರಮಗಳೆಲ್ಲಕ್ಕೂ ಅಡಿಯಲ್ಲಿ ಒಂದು ಸಿದ್ಧಾಂತವು ಅಡಗಿರುವುದು: ಕಾಡಿನ ವಸ್ತುವು ಮೊದಲೇ ಒಬ್ಬನದಾಗಿದೆ, ಕೇಳಿಕೊಂಡು ಬಂದವನದಲ್ಲ. ಈ ಸಿದ್ಧಾಂತವು ಎಲ್ಲಿಂದ ಬಂದಿತು, ಎಷ್ಟರಮಟ್ಟಿಗೆ ನಿಲ್ಲತಕ್ಕದ್ದು ಎಂಬುದನ್ನು ವಿಚಾರಿಸದೆ ಪರವಾನಗಿಯ ಗುಣದೋಷಗಳನ್ನು ಹೇಳಹೊರಡುವುದು ತಳಹದಿಯನ್ನು ನೋಡದೆ ಗೋಡೆಯ ಸುಣ್ಣವನ್ನು ಕುರಿತು ವಾದಿಸಿದಂತಾಗುವುದು.

ಈ ವಿಷಯದಲ್ಲಿ ಎರಡು ಪಕ್ಷಗಳವರ ಮಾತುಗಳು ಆಗಾಗ ಕಿವಿಗೆ ಬೀಳುವುವು. ಪ್ರಾಚೀನ ಕಾಲದಲ್ಲಿ ಕಾಡು ಎಲ್ಲರದಾಗಿದ್ದಿತು, ಆಂಗ್ಲ ಸರಕಾರವು ಬಂದು ಅದನ್ನು ಕಸಿದುಕೊಂಡಿತು ಎಂಬುದು ಒಂದು ಪಕ್ಷ. ಕೌಟಿಲ್ಯನ ಕಾಲದಿಂದಲೂ ಕಾಡು ರಾಜನದೇ, ಆಂಗ್ಲರು ಹೊಸದಾಗಿ ಏನನ್ನೂ ಮಾಡಲಿಲ್ಲ ಎಂಬುದು ಇನ್ನೊಂದು. ಮೊದಲನೆಯವರು ಅರ್ಥಶಾಸ್ತ್ರವನ್ನು ಓದಿದಂತೆ ಕಾಣುವುದಿಲ್ಲ. ಎರಡನೆಯವರು ಅರ್ಥಶಾಸ್ತ್ರವನ್ನು ಬಿಟ್ಟು ಬೇರೇನನ್ನೂ ಓದಿದಂತೆ ಕಾಣುವುದಿಲ್ಲ.

ಎರಡನೆಯ ಪಕ್ಷಕ್ಕೆ ಆಧಾರವಾದ ಗ್ರಂಥಭಾಗವನ್ನೇ ಮೊದಲು ನೋಡಬಹುದು. ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ೧೯೦೫ರಲ್ಲಿ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಬಂದ ಗ್ರಂಥಲಿಪಿಯ ತಾಳೆಯೋಲೆಗಳಿಂದ ಆರ್. ಶಾಮಶಾಸ್ತ್ರಿಗಳು ಕೌಟಿಲೀಯ ಅರ್ಥಶಾಸ್ತ್ರವನ್ನು ಶೋಧಿಸಿ ೧೯೦೯ರಲ್ಲಿ ಮುದ್ರಿಸಿದರು. ೧೯೧೫ರಲ್ಲಿ ಅವರ ಆಂಗ್ಲಾನುವಾದವೂ ಹೊರಟಿತು. ಅದರ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದಲ್ಲಿ ಹದಿನೇಳನೆಯ ಅಧ್ಯಾಯವು ಕುಪ್ಯಾಧ್ಯಕ್ಷನನ್ನು ಕುರಿತದ್ದು. ಕುಪ್ಯವೆಂದರೆ ರತ್ನಸುವರ್ಣಾದಿಗಳಿಗೆ ಸೇರದ, ಆದರೂ ಬೆಲೆಯುಳ್ಳ ವಸ್ತುಸಮೂಹ. ಈ ಅಧಿಕಾರಿಯು ದ್ರವ್ಯವನಗಳನ್ನು ಕಾಯುವವರ ಮೂಲಕ ಕುಪ್ಯವನ್ನು ತರಿಸತಕ್ಕದ್ದು, ಅದನ್ನು ಸಿದ್ಧಪಡಿಸುವ ಕರ್ಮಾಂತಗಳನ್ನು ನಡೆಸತಕ್ಕದ್ದು ಎಂದು ಹೇಳಿ, ಬಳಿಕ ವಸ್ತುಗಳನ್ನು ವರ್ಗವರ್ಗವಾಗಿ ಎಣಿಸಲಾಗಿದೆ. ಶಾಕ, ಅರ್ಜುನ, ಮಧೂಕ, ಸಾಲ, ಶಿರೀಷ, ಖದಿರ ಮೊದಲಾದ ಸಾರದಾರುಗಳು; ಬಿದಿರಿನ ಜಾತಿಗಳು; ಬೆತ್ತವೇ ಮೊದಲಾದ ಬಳ್ಳಿಗಳು; ನಾರು ಕೊಡುವ ಮೂರ್ವಾ, ಅರ್ಕ, ಶಣಗಳು; ಹಗ್ಗಕ್ಕೆ ಒದಗುವ ಮುಂಜ, ಬಲ್ಬಜಗಳು; ಬರೆಯುವುದಕ್ಕೆ ತಾಲಿ, ತಾಲ, ಭೂರ್ಜಪತ್ರಗಳು; ಬಣ್ಣಕ್ಕೆ ಮುತ್ತುಗ, ಕುಸುಂಬೆ, ಕೇಸರಿಯ ಹೂಗಳು; ಔಷಧಕ್ಕೆ ಕಂದಮೂಲಫಲಗಳು; ವಿಷಗಳು; ಮೃಗಗಳ ಚರ್ಮ, ಮೂಳೆ, ದಂತ, ಕೊಂಬು; ಕಡೆಗೆ ಲೋಹಗಳು, ಇದ್ದಿಲು, ಬೂದಿ, ಸೌದೆ, ಹುಲ್ಲು.

ಈ ಪಟ್ಟಿಯನ್ನು ಓದಿದವರು ೧೯೨೭ರ ಭಾರತೀಯ ಅರಣ್ಯ ಅಧಿನಿಯಮದ ಎರಡನೆಯ ಕಲಮಿನಲ್ಲಿ ಅರಣ್ಯೋತ್ಪನ್ನಕ್ಕೆ ಕೊಟ್ಟ ಲಕ್ಷಣವನ್ನು ಓದಿದಲ್ಲಿ ಬೆರಗಾಗದೆ ಇರಲಾರರು. ಮರಮುಟ್ಟು, ಇದ್ದಿಲು, ಕಾಚು, ರಾಳ, ತೊಗಟೆ, ಅರಗು, ಹಿಪ್ಪೆಯ ಹೂವೂ ಬೀಜವೂ, ಅಳಲೆ; ಕಾಡಿನಲ್ಲಿ ದೊರೆತಾಗ ಎಲೆ, ಹೂ, ಹಣ್ಣು, ಹುಲ್ಲು, ಬಳ್ಳಿ, ಪಾಚಿ, ಮೃಗಗಳ ಚರ್ಮ, ದಂತ, ಕೊಂಬು, ಮೂಳೆ, ಜೇನು, ಮೇಣ, ಮೇಲ್ಮಣ್ಣು, ಕಲ್ಲು, ಖನಿಜ. ಕೌಟಿಲ್ಯನು ಮಧೂಕಖದಿರಗಳನ್ನು ದಿಮ್ಮಿಗಾಗಿ ಎಣಿಸಿದರೆ ೧೯೨೭ರ ಪಟ್ಟಿಯು ಅವೇ ಮರಗಳ ಹೂವನ್ನೂ ಕಾಚನ್ನೂ ಎಣಿಸಿತು. ಒಂದು ಇನ್ನೊಂದರ ಪ್ರತಿಯೇನೂ ಅಲ್ಲ. ೧೯೨೭ರ ಅಧಿನಿಯಮವು ೧೮೭೮ರದ್ದನ್ನು ಅನುಸರಿಸಿದ್ದು, ಆ ಕಾಲಕ್ಕೆ ಅರ್ಥಶಾಸ್ತ್ರವು ಬೆಳಕಿಗೇ ಬಂದಿರಲಿಲ್ಲ. ಬೊಕ್ಕಸದ ಕಣ್ಣಿನಿಂದ ಕಾಡನ್ನು ನೋಡಿದವರಿಗೆಲ್ಲ ಕಾಡು ಒಂದೇ ಬಗೆಯಾಗಿ ಕಾಣುವುದೆಂದು ಹೇಳಬಹುದು.

ಪಟ್ಟಿಗಳು ಹೀಗೆ ಹೋಲಿದರೂ ಸ್ವತ್ವದ ವಿಷಯದಲ್ಲಿ ಅರ್ಥಶಾಸ್ತ್ರದ ಮಾತು ಅಷ್ಟು ಸುಲಭವಾಗಿ ಎರಡನೆಯ ಪಕ್ಷದವರ ಕೈಗೆ ಸಿಕ್ಕುವಂಥದಲ್ಲ. ದ್ರವ್ಯವನವನ್ನು ಕಡಿಯುವವರ ವಿಷಯದಲ್ಲಿ ದೇಯವನ್ನೂ ಅತ್ಯಯವನ್ನೂ ನಿರ್ಣಯಿಸತಕ್ಕದ್ದು, ಆಪತ್ತುಗಳನ್ನು ಬಿಟ್ಟು, ಎಂಬುದು ಅಲ್ಲಿಯ ಸೂತ್ರದ ತಾತ್ಪರ್ಯ. ಶಾಮಶಾಸ್ತ್ರಿಗಳು ಇದನ್ನು ವನಕ್ಕೆ ಹಾನಿಮಾಡಿದವರಿಂದ ವಸೂಲುಮಾಡುವ ದಂಡಪರಿಹಾರಗಳೆಂಬ ಅರ್ಥದಲ್ಲಿ ಅನುವಾದಿಸಿರುವರು. ಆದರೆ ಛಿದ್ ಧಾತುವಿಗೆ ಕಡಿಯುವುದೆಂಬಷ್ಟೇ ಅರ್ಥ. ಹಾನಿಯೆಂಬುದು ಅನುವಾದಕರು ಸೇರಿಸಿದ್ದು. ಕಡಿಯುವವರು ಯಾರು? ಇಲ್ಲಿ ಕಡಿಯುವವರೆಂಬ ಪದವು ಷಷ್ಠ್ಯಂತವಾಗಿದೆ, ದೇಯವೆಂಬುದು ಕೃತ್ಯಪ್ರತ್ಯಯಾಂತ. ಕೃತ್ಯಯೋಗದಲ್ಲಿ ಕರ್ತೃವಿಗೆ ವಿಕಲ್ಪವಾಗಿ ಷಷ್ಠಿಯು ಬರುವುದೆಂದು ಪಾಣಿನಿಯು ಹೇಳಿರುವನಾದುದರಿಂದ ಕಡಿಯುವವರು ಕೊಡತಕ್ಕದ್ದೆಂದು ಅರ್ಥಮಾಡಬಹುದು. ಅದೇ ಷಷ್ಠಿಯನ್ನು ಸಂಬಂಧಸಾಮಾನ್ಯದಲ್ಲಿ ತೆಗೆದುಕೊಂಡರೆ ಕಡಿಯುವವರಿಗೆ ಕೊಡತಕ್ಕದ್ದೆಂಬ ಅರ್ಥವೂ ಸಲ್ಲುವುದು. ಮೊದಲನೆಯ ಅರ್ಥದಲ್ಲಿ ಅವರು ಶುಲ್ಕ ತೆರುವ ಹೊರಗಿನವರು; ಎರಡನೆಯದರಲ್ಲಿ ಕೂಲಿ ಪಡೆಯುವ ರಾಜನ ಕೆಲಸಗಾರರು.

ಯಾವುದು ಯುಕ್ತ? ಅತ್ಯಯವೆಂಬ ದಂಡವು ಕಡಿಯುವವರ ಮೇಲೆಯೇ ಬೀಳತಕ್ಕದ್ದು. ಅದರೊಡನೆ ಸಮುಚ್ಚಿತವಾದ ದೇಯವೂ ಅವರ ಕಡೆಯಿಂದಲೇ ಬರತಕ್ಕದ್ದೆಂಬುದು ಮೊದಲನೆಯ ಅರ್ಥಕ್ಕೆ ಬಲ. ಆದರೆ ಹಿಂದಿನ ವಾಕ್ಯಗಳಲ್ಲಿ ಬಂದುದು ವನಪಾಲರ ಮೂಲಕ ತರಿಸುವ ಮಾತು, ಕರ್ಮಾಂತಗಳ ಮಾತು; ಪ್ರಜೆಗಳು ಬಂದು ಬೇಡುವ ಮಾತು ಅಲ್ಲಿಲ್ಲ. ಪ್ರಕರಣವನ್ನು ನೋಡಿದರೆ ಎರಡನೆಯ ಅರ್ಥವನ್ನು ತಳ್ಳಿಹಾಕುವುದು ಸಾಹಸವೇ ಸರಿ. ಹೇಗಿದ್ದರೂ ಒಂದು ಅಂಶವು ಸ್ಪಷ್ಟವಾಗಿರುವುದು. ದ್ರವ್ಯವನವೆಂಬುದು ಕಾಡೆಲ್ಲವೂ ಅಲ್ಲ. ಕೃಷಿಗೆ ಒದಗದ ಭೂಮಿಯನ್ನು ಹೇಗೆ ವಿನಿಯೋಗಿಸಬೇಕೆಂದು ಹೇಳುವ ಭೂಮಿಚ್ಛಿದ್ರವಿಧಾನದಲ್ಲಿ ಒಂದೊಂದು ಕುಪ್ಯಕ್ಕೆ ಒಂದೊಂದು ವನವನ್ನು ನೆಲೆಗೊಳಿಸಬೇಕೆಂದಿದೆ. ಗೋಚರ, ತಪೋವನ, ಮೃಗವನ, ಹಸ್ತಿವನಗಳು ಬೇರೆಬೇರೆ. ರಾಜನು ನೆಲೆಗೊಳಿಸಿದ ವನದಲ್ಲಿ ರಾಜನ ನಿಯಮವಿದ್ದಿತೆಂಬುದರಿಂದ ಅವನು ನೆಲೆಗೊಳಿಸದ ಕಾಡೂ ಅವನದೆಂದು ಸಾಧಿಸಲಾಗುವುದಿಲ್ಲ.

ಆಪತ್ತುಗಳ ಮಾತು ಇನ್ನೂ ಬೆಲೆಯುಳ್ಳದ್ದು. ಅನ್ಯತ್ರಶಬ್ದದ ಯೋಗದಲ್ಲಿ ಪಂಚಮೀ ಬಹುವಚನವನ್ನು ಪ್ರಯೋಗಿಸಿರುವುದರಿಂದ ಆಪತ್ತು ಒಂದೇ ಬಗೆಯದಲ್ಲವೆಂದು ತಿಳಿಯಬಹುದು. ಎಂತಹ ಕಠಿನ ಅರ್ಥಸಚಿವನೂ ಹಸಿವಿನಿಂದ ಕಾಡಿಗೆ ನುಗ್ಗಿದವನ ಮುಂದೆ ಲೆಕ್ಕದ ಪುಸ್ತಕವನ್ನು ಮುಚ್ಚಬೇಕೆಂಬುದನ್ನು ಸೂತ್ರಕಾರನು ವಿಧಿಯೊಳಗೇ ಹೇಳಿಟ್ಟನು. ೧೯೨೭ರ ಅಧಿನಿಯಮದಲ್ಲಿ ಈ ಸ್ಥಾನದಲ್ಲಿರುವುದು ಅರಣ್ಯಾಧಿಕಾರಿಯ ಲಿಖಿತ ಅನುಮತಿ. ಆಪತ್ತು ಇರುವೆಡೆಯಲ್ಲಿ ಅಧಿಕಾರಿಯನ್ನು ತಂದು ನಿಲ್ಲಿಸಿದ್ದು ಸಣ್ಣ ಪಾಠಾಂತರವಲ್ಲ.

ಸಾಗಾಣಿಕೆಯ ರಹದಾರಿಗೂ ಅರ್ಥಶಾಸ್ತ್ರದಲ್ಲಿ ಪೂರ್ವರೂಪವುಂಟು. ಜನಪದಕ್ಕೆ ಬರುವವನೂ ಹೋಗುವವನೂ ಮುದ್ರಾಧ್ಯಕ್ಷನಿಗೆ ಒಂದು ಮಾಷಕವನ್ನು ಕೊಟ್ಟು ಮುದ್ರೆಯನ್ನು ಪಡೆಯತಕ್ಕದ್ದು, ಮುದ್ರೆಯಿಲ್ಲದ ಜಾನಪದನಿಗೆ ೧೨ ಪಣ ದಂಡ, ಕೂಟಮುದ್ರೆಗೆ ಪೂರ್ವಸಾಹಸದಂಡ. ಅದನ್ನು ಪರೀಕ್ಷಿಸುವವನು ವಿವೀತಾಧ್ಯಕ್ಷ, ಎಂದರೆ ಗೋಮಾಳದ ಅಧಿಕಾರಿ. ಅವನ ಕರ್ತವ್ಯಗಳಲ್ಲಿ ದ್ರವ್ಯವನ ಹಸ್ತಿವನಗಳ ಆಜೀವವನ್ನು ನಡೆಸುವುದೂ ಸೇರಿದೆ. ಆಜೀವವೆಂಬ ಈ ಪದವನ್ನು ನೆನಪಿನಲ್ಲಿಡತಕ್ಕದ್ದು, ಮುಂದೆ ಬೇಕಾಗುವುದು.

ಧರ್ಮಶಾಸ್ತ್ರಗಳಿಗೆ ಬಂದರೆ ದೃಷ್ಟಿಯೇ ಬೇರೆಯಾಗುವುದು. ಗೌತಮಧರ್ಮಸೂತ್ರದ ಹನ್ನೆರಡನೆಯ ಅಧ್ಯಾಯದ ಪ್ರಕಾರ ಹಸುವಿಗಾಗಿ ಹುಲ್ಲನ್ನೂ, ಅಗ್ನಿಗಾಗಿ ಸಮಿತ್ತನ್ನೂ, ಗಿಡಬಳ್ಳಿಗಳ ಹೂಗಳನ್ನೂ ತನ್ನದೆಂಬಂತೆ ತೆಗೆದುಕೊಳ್ಳಬಹುದು; ಬೇಲಿಯಿಲ್ಲದೆಡೆಯ ಹಣ್ಣುಗಳನ್ನೂ ಹಾಗೆಯೇ. ಮನುವು ಎಂಟನೆಯ ಅಧ್ಯಾಯದಲ್ಲಿ ಮರಗಳ ಬೇರು ಹಣ್ಣುಗಳನ್ನೂ, ಅಗ್ನಿಗೆ ಕಟ್ಟಿಗೆಯನ್ನೂ, ಹಸುಗಳ ಮೇವಿಗೆ ಹುಲ್ಲನ್ನೂ ತೆಗೆಯುವುದು ಕಳವಲ್ಲವೆನ್ನುವನು. ಇಲ್ಲಿ ಗಮನಿಸತಕ್ಕದ್ದು ಗೌತಮನ ‘ಸ್ವವತ್’ ಎಂಬ ಪದ. ಅನುಮತಿಯಿಂದ ಎಂದು ಅವನು ಹೇಳಲಿಲ್ಲ, ದಾನವಾಗಿ ಎಂದೂ ಹೇಳಲಿಲ್ಲ. ತನ್ನದರಂತೆ ಎಂದನು. ವತಿಪ್ರತ್ಯಯವು ಸಾದೃಶ್ಯವನ್ನು ಹೇಳುವುದರಿಂದ ವಸ್ತುವು ನಿಜವಾಗಿ ಇನ್ನೊಬ್ಬನದೇ ಆಗಿದ್ದರೂ ಇರಬಹುದು. ಆದರೂ ತೆಗೆಯುವವನು ತಲೆಬಾಗತಕ್ಕದ್ದಿಲ್ಲ.

ಆದರೆ ಧರ್ಮಶಾಸ್ತ್ರವನ್ನು ಹಿಡಿದು ಮೊದಲನೆಯ ಪಕ್ಷದವರು ಹಿಗ್ಗುವುದಕ್ಕೂ ಕಾರಣವಿಲ್ಲ. ಯಾಜ್ಞವಲ್ಕ್ಯನು ಇದೇ ಮಾತನ್ನು ಹೇಳುವಾಗ ದ್ವಿಜನೆಂದು ಕರ್ತೃವನ್ನು ನಿರ್ದೇಶಿಸಿರುವನು. ಕಾಡನ್ನು ಎಲ್ಲರಿಗಿಂತ ಹೆಚ್ಚಾಗಿ ಬಲ್ಲವರಾದ ಬೇಡರು, ಶಬರರು ಮೊದಲಾದವರನ್ನು ನೆನೆದು ಆ ಶ್ಲೋಕವನ್ನು ರಚಿಸಲಿಲ್ಲವೆಂಬುದು ಸ್ಪಷ್ಟ. ಮೇಲಾಗಿ ಈ ವಚನಗಳೆಲ್ಲವೂ ಪ್ರಯೋಜನದಿಂದ ಕಟ್ಟುಪಟ್ಟವು. ಹಸುವಿಗಾಗಿ, ಅಗ್ನಿಗಾಗಿ ಎಂಬ ಅರ್ಥಶಬ್ದವನ್ನು ಬಿಟ್ಟು ಹುಲ್ಲನ್ನು ಗಾಡಿಗಟ್ಟಲೆ ಹೊಡೆದು ಪೇಟೆಗೆ ಒಯ್ಯುವವನಿಗೆ ಗೌತಮನು ರಕ್ಷಣೆ ಕೊಡನು. ಮನುವು ಹನ್ನೊಂದನೆಯ ಅಧ್ಯಾಯದಲ್ಲಿ ಸೌದೆಗಾಗಿ ಹಸಿಮರವನ್ನು ಕೆಡವುವುದನ್ನು ಉಪಪಾತಕಗಳಲ್ಲಿ ಎಣಿಸಿರುವನೆಂಬುದನ್ನೂ ಮರೆಯಬಾರದು. ಒಣಗಿದ್ದನ್ನು ಆಯುವುದಕ್ಕೂ ಹಸಿಯದನ್ನು ಕಡಿಯುವುದಕ್ಕೂ ಭೇದವನ್ನು ಕಾಣದ ಧರ್ಮಶಾಸ್ತ್ರಕಾರನಿಲ್ಲ.

ಈ ತೊಡಕಿನಿಂದ ಬಿಡಿಸುವ ಗ್ರಂಥವು ಕನ್ನಡನಾಡಿನಲ್ಲಿಯೇ ಹುಟ್ಟಿತು. ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯಲ್ಲಿ ದಾಯವಿಭಾಗಪ್ರಕರಣದ ಆರಂಭದಲ್ಲಿಯೇ ಸ್ವತ್ವವೆಂದರೇನೆಂಬ ದೀರ್ಘವಿಚಾರವು ಬಂದಿದೆ. ಅದನ್ನು ತಂದೆಮಕ್ಕಳ ಆಸ್ತಿಯ ಜಗಳಗಳಿಗಾಗಿ ವಕೀಲರು ಓದುತ್ತ ಬಂದಿರುವರು. ಕಾಡಿನ ವಿಷಯದಲ್ಲಿ ಓದಿದವರು ವಿರಳ. ಗೌತಮನು ಸ್ವಾಮ್ಯಕ್ಕೆ ಹೇಳಿದ ಕಾರಣಗಳಲ್ಲಿ ಪರಿಗ್ರಹವೆಂಬುದು ಒಂದು. ಅದನ್ನು ವಿವರಿಸುತ್ತ ವಿಜ್ಞಾನೇಶ್ವರನು ಮೊದಲು ಇನ್ನೊಬ್ಬರದಾಗಿರದ ನೀರು, ಹುಲ್ಲು, ಕಟ್ಟಿಗೆ ಮೊದಲಾದುವನ್ನು ಸ್ವೀಕರಿಸುವುದೇ ಪರಿಗ್ರಹವೆಂದಿರುವನು. ಅವನ ಪದವು ‘ಅನನ್ಯಪೂರ್ವ’. ಸಾಮಾನ್ಯವಾಗಿ ಈ ಪದವು ಕನ್ಯೆಯ ವಿಷಯದಲ್ಲಿ ಬಳಕೆಯಾಗುವಂಥದು. ಅದನ್ನು ತಂದು ಹುಲ್ಲುಕಟ್ಟಿಗೆಗಳಿಗೆ ಹಚ್ಚಿದ್ದು ಎಷ್ಟು ಯುಕ್ತವಾಗಿದೆಯೆಂಬುದನ್ನು ರಸಿಕರು ಗಮನಿಸಬಹುದು. ಇಲ್ಲಿ ಗೌತಮನ ವತಿಪ್ರತ್ಯಯವೂ ಉದುರಿಹೋಯಿತು. ಆಯ್ದವನಿಗೆ ತನ್ನದರಂತಲ್ಲ, ತನ್ನದೇ.

ಇದಕ್ಕಿಂತಲೂ ಮುಖ್ಯವಾದುದು ಅದೇ ವಿಚಾರದ ಇನ್ನೊಂದು ಭಾಗ. ಸ್ವತ್ವವು ಶಾಸ್ತ್ರದಿಂದಲೇ ತಿಳಿಯತಕ್ಕದ್ದೋ ಲೌಕಿಕವೋ ಎಂಬ ಸಂಶಯವನ್ನು ಎತ್ತಿ, ಲೌಕಿಕವೇ ಎಂದು ವಿಜ್ಞಾನೇಶ್ವರನು ನಿರ್ಣಯಿಸುವನು. ಅವನು ಕೊಡುವ ಯುಕ್ತಿಗಳಲ್ಲಿ ಒಂದು: ಶಾಸ್ತ್ರವ್ಯವಹಾರವನ್ನೇ ಕಾಣದ ಪ್ರತ್ಯಂತವಾಸಿಗಳಲ್ಲಿಯೂ ಇದು ನನ್ನದೆಂಬ ವ್ಯವಹಾರವು ಕಾಣಬರುವುದು, ಅವರೂ ಕೊಳ್ಳುವರು, ಮಾರುವರು. ನಾಡಿನ ಅಂಚಿನಲ್ಲಿರುವ, ಗ್ರಂಥವನ್ನರಿಯದ ಜನರ ನಡೆವಳಿಕೆಯನ್ನು ಅರಮನೆಯ ಆಶ್ರಯದ ಪಂಡಿತನೊಬ್ಬನು ಸಿದ್ಧಾಂತಕ್ಕೆ ಸಾಧಕವಾಗಿ ಎತ್ತಿಕೊಂಡಿರುವುದು ಆ ಶತಮಾನದ ಬರವಣಿಗೆಯಲ್ಲಿ ಸಾಮಾನ್ಯದ ಮಾತಲ್ಲ. ಇದರ ಫಲಿತವೇನೆಂದರೆ, ಸ್ವತ್ವವು ಪತ್ರದಿಂದ ಹುಟ್ಟುವುದಿಲ್ಲ. ಹುಟ್ಟಿದ ಸ್ವತ್ವವನ್ನು ಪತ್ರವು ಸಾಕ್ಷೀಕರಿಸಬಹುದು. ವ್ಯವಹಾರದಲ್ಲಿ ಲಿಖಿತ, ಭುಕ್ತಿ, ಸಾಕ್ಷಿಗಳೆಂಬ ಮೂರು ಪ್ರಮಾಣಗಳನ್ನು ಯಾಜ್ಞವಲ್ಕ್ಯನು ಹೇಳಿರುವುದೂ ಇದಕ್ಕೆ ಅನುಗುಣವಾಗಿದೆ.

ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಆಂಗ್ಲರ ಕಾಲದ ಅರಣ್ಯಶಾಸನವನ್ನು ಓದತಕ್ಕದ್ದು. ೧೮೭೮ರ ಅಧಿನಿಯಮಕ್ಕೆ ಮುಂಚೆ ಅಧಿಕಾರಿಗಳಲ್ಲಿಯೇ ದೊಡ್ಡ ವಾದವು ನಡೆಯಿತು. ಹಳ್ಳಿಗರು ಕಾಡನ್ನು ಅನುಭವಿಸುತ್ತಿರುವುದು ದೊರೆಯ ಔದಾರ್ಯದಿಂದ, ಹಕ್ಕಿನಿಂದಲ್ಲ ಎಂಬುದು ಬೇಡನ್ ಪವೆಲ್ಲನ ಪಕ್ಷ. ಮದರಾಸಿನ ರೆವಿನ್ಯೂ ಬೋರ್ಡು ೧೮೭೧ರಲ್ಲಿಯೇ ಇದಕ್ಕೆ ವಿರುದ್ಧವಾಗಿ, ಆ ಪ್ರಾಂತದಲ್ಲಿ ಯಾವುದೋ ಒಂದು ಹಳ್ಳಿಯ ಎಲ್ಲೆಗೆ ಸೇರದ ಕಾಡು ಇಲ್ಲವೆನ್ನುವಷ್ಟು ವಿರಳವೆಂದೂ, ತೇಗ, ಗಂಧ, ಏಲಕ್ಕಿಯಂತಹವುಗಳ ರಾಜಭಾಗವನ್ನು ಬಿಟ್ಟರೆ ಸರಕಾರವು ಈಚಿನವರೆಗೂ ಅಲ್ಲಿ ಒಡೆತನವನ್ನು ಹೇಳಿಕೊಂಡಿರಲಿಲ್ಲವೆಂದೂ ಅಭಿಪ್ರಾಯಪಟ್ಟಿತು. ಅಂದಿನ ಮದರಾಸು ಪ್ರಾಂತದಲ್ಲಿ ದಕ್ಷಿಣ ಕನ್ನಡವೂ ಬಳ್ಳಾರಿಯೂ ಸೇರಿದ್ದುವು. ಆ ಪ್ರಾಂತವು ೧೮೭೮ರ ಅಧಿನಿಯಮವನ್ನು ಅಂಗೀಕರಿಸದೆ ೧೮೮೨ರಲ್ಲಿ ಬೇರೆಯದನ್ನು ಮಾಡಿಕೊಂಡಿತು. ಆದರೂ ಗೆದ್ದುದು ಬೇಡನ್ ಪವೆಲ್ಲನ ಪಕ್ಷವೇ.

ಗೆಲವಿನ ಗುರುತುಗಳು ೧೯೨೭ರ ಅಧಿನಿಯಮದಲ್ಲಿ ಹೆಜ್ಜೆಹೆಜ್ಜೆಗೂ ಕಾಣುವುವು. ಕಾಯ್ದಿಟ್ಟ ಅರಣ್ಯವನ್ನು ಘೋಷಿಸುವ ಮೊದಲು ಹಕ್ಕುದಾರರು ಹೇಳಿಕೊಳ್ಳಲು ಮೂರು ತಿಂಗಳಿಗೆ ಕಡಮೆಯಿಲ್ಲದ ಅವಧಿಯನ್ನು ಕೊಡಲಾಗುವುದು. ಆಗ ಹೇಳದೆ ಹೋದ, ವಿಚಾರಣೆಯಲ್ಲಿಯೂ ತಿಳಿದುಬಾರದ ಹಕ್ಕು ಅಳಿದುಹೋಗುವುದು. ಆಮೇಲೆ ಹೊಸದಾಗಿ ಹಕ್ಕು ಬರಬೇಕಾದರೆ ಉತ್ತರಾಧಿಕಾರದಿಂದ, ಇಲ್ಲವೇ ಬರಹದಲ್ಲಿರುವ ದಾನ ಒಪ್ಪಂದಗಳಿಂದ. ಭುಕ್ತಿ ಹೋಯಿತು, ಸಾಕ್ಷಿ ಹೋಯಿತು, ಲಿಖಿತವೊಂದೇ ಉಳಿಯಿತು. ರಕ್ಷಿತ ಅರಣ್ಯವು ಇಷ್ಟು ಬಿಗಿಯಾದುದಲ್ಲವೆಂಬುದು ನಿಜ. ಆದರೆ ಅಲ್ಲಿಗಾಗಿ ಮಾಡಬಹುದಾದ ನಿಯಮಗಳನ್ನು ಎಣಿಸುವ ಮೂವತ್ತೆರಡನೆಯ ಕಲಮಿನಲ್ಲಿ, ಸಮೀಪದ ಊರುಗಳ ನಿವಾಸಿಗಳು ಸ್ವಂತ ಉಪಯೋಗಕ್ಕಾಗಿ ಮರವನ್ನೂ ಇತರ ಉತ್ಪನ್ನವನ್ನೂ ತೆಗೆಯಲು ಲೈಸೆನ್ಸು ಕೊಡುವುದೂ, ಅದನ್ನು ಅವರು ತೋರಿಸುವುದೂ, ಹಿಂದಿರುಗಿಸುವುದೂ ಸೇರಿವೆ. ಗೌತಮನು ಸ್ವವತ್ ಎಂದ ಕಡೆಯಲ್ಲಿಯೇ, ಸ್ವಂತ ಉಪಯೋಗದ ಹುಲ್ಲುಕಟ್ಟಿಗೆಗಳ ವಿಷಯದಲ್ಲಿಯೇ, ಈ ಲೈಸೆನ್ಸು ಬಂದು ಕುಳಿತಿತು.

ಎಲ್ಲಕ್ಕೂ ಮಕುಟಪ್ರಾಯವಾದುದು ಅರುವತ್ತೊಂಬತ್ತನೆಯ ಕಲಮು. ಒಂದು ಅರಣ್ಯೋತ್ಪ‌ನ್ನವು ಸರಕಾರದ್ದೋ ಅಲ್ಲವೋ ಎಂಬ ಪ್ರಶ್ನೆಯು ಬಂದಲ್ಲಿ, ಅಲ್ಲವೆಂದು ಸಿದ್ಧವಾಗುವವರೆಗೆ ಸರಕಾರದ್ದೆಂದೇ ಭಾವಿಸತಕ್ಕದ್ದು. ಇದು ಅನನ್ಯಪೂರ್ವವೆಂಬ ಪದದ ನೇರ ನಿಷೇಧ. ಕಾಡಿನಲ್ಲಿ ಬಿದ್ದ ಒಂದು ಅಳಲೆಕಾಯಿಯೂ ಅನ್ಯಪೂರ್ವವೇ. ಆಯ್ದವನು ತನ್ನದೆನ್ನಬೇಕಾದರೆ ಸಾಧನೆಯ ಭಾರವು ಅವನ ಮೇಲೆ. ಮನುವು ಕಳವಲ್ಲವೆಂದ ವಸ್ತುವಿನ ಮೇಲೆ ಕಳವಿನ ಶಂಕೆಯೇ ಮೊದಲ ಪ್ರಮಾಣವಾಯಿತು. ಸ್ವತ್ವವು ಶಾಸ್ತ್ರೈಕಸಮಧಿಗಮ್ಯವೆಂಬ, ವಿಜ್ಞಾನೇಶ್ವರನು ಖಂಡಿಸಿದ ಪೂರ್ವಪಕ್ಷವು ಎಂಟುನೂರು ವರ್ಷಗಳ ಬಳಿಕ ಕಚೇರಿಯ ಕಾಗದವನ್ನೇ ಶಾಸ್ತ್ರವಾಗಿ ಮಾಡಿಕೊಂಡು ಮರಳಿ ಬಂದಿತು. ಸ್ವಾತಂತ್ರ್ಯಾನಂತರ ೧೯೬೩ರ ಕರ್ನಾಟಕ ಅರಣ್ಯ ಅಧಿನಿಯಮವೂ ಈ ಪೂರ್ವಭಾವನೆಯನ್ನು ಉಳಿಸಿಕೊಂಡಿರುವುದು.

ಆದರೆ ಎಲ್ಲರೂ ಒಂದೇ ಬಗೆಯಾಗಿ ಅರ್ಜಿದಾರರಾಗಲಿಲ್ಲ. ಉತ್ತರ ಕನ್ನಡದ ಅಡಕೆಯ ತೋಟಿಗರಿಗೆ ಸೊಪ್ಪಿನಬೆಟ್ಟದ ಸವಲತ್ತು ಉಂಟು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವನ್ನು ಬಿಟ್ಟಿರುವುದು ಪ್ರಸಿದ್ಧ. ತೋಟಕ್ಕೆ ಸೊಪ್ಪು ಅನಿವಾರ್ಯವಾದುದರಿಂದ ಇದು ನ್ಯಾಯವೇ. ಆದರೆ ಜಮೀನಿನ ಸಂಬಂಧದಿಂದ ಈ ಸವಲತ್ತು ಸ್ಥಿರವಾಯಿತು. ಜಮೀನಿಲ್ಲದೆ ಜೇನುಬೇರುಗಳಿಂದಲೇ ಬದುಕುವವನು ವರ್ಷವರ್ಷವೂ ಕೇಳಿಕೊಳ್ಳಬೇಕಾಯಿತು. ಯಾಜ್ಞವಲ್ಕ್ಯನು ದ್ವಿಜನೆಂದೆಡೆಯಲ್ಲಿ ಆಂಗ್ಲರ ಶಾಸನವು ಹಿಡುವಳಿದಾರನನ್ನು ಕುಳ್ಳಿರಿಸಿತು. ಕಾಡೇ ಮನೆಯಾದವನು ಎರಡರಲ್ಲಿಯೂ ಹೊರಗೆ.

ಹೊರಗೆ ನಿಂತವನ ಪಾಡನ್ನು ಚಾಮರಾಜನಗರದ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪ್ರಸಂಗದಲ್ಲಿ ಕಾಣಬಹುದು. ಇವರು ನೆಲ್ಲಿ, ಜೇನು, ಕಲ್ಲುಪಾಚಿ, ಸೀಗೆ ಮೊದಲಾದುವನ್ನು ಆಯ್ದು ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಮಾರುತ್ತಿದ್ದರು. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ ೨೦೦೨ರಲ್ಲಿ ಬಂದ ತಿದ್ದುಪಡಿಯಂತೆ ಅಭಯಾರಣ್ಯದಿಂದ ತೆಗೆದ ಉತ್ಪನ್ನವನ್ನು ಸುತ್ತಲಿನ ಜನರ ಸ್ವಂತ ಅಗತ್ಯಕ್ಕೆ ಉಪಯೋಗಿಸಬಹುದಲ್ಲದೆ ವಾಣಿಜ್ಯಕ್ಕೆ ಉಪಯೋಗಿಸಕೂಡದು. ಅದರಂತೆ ೨೦೦೬ರಲ್ಲಿ ಬೆಟ್ಟದಲ್ಲಿ ಮಾರಾಟಕ್ಕಾಗಿ ಆಯುವುದು ನಿಂತುಹೋಯಿತು. ಈ ತಿದ್ದುಪಡಿಯನ್ನು ಓದಿದವರಿಗೆ ಗೌತಮನೇ ಬಂದು ನಿಂತಂತೆ ತೋರಬಹುದು. ಪ್ರಯೋಜನದಿಂದ ಕಟ್ಟುಮಾಡುವ ಕ್ರಮವು ಎರಡರಲ್ಲಿಯೂ ಒಂದೇ. ಹಾಗೆ ತೋರುವುದು ಭ್ರಾಂತಿ. ಗೌತಮನು ಮಾತನಾಡಿದ್ದು ಹಸುವೂ ಅಗ್ನಿಯೂ ಹೊಲವೂ ಉಳ್ಳ ಗೃಹಸ್ಥನನ್ನು ಕುರಿತು. ಅವನಿಗೆ ಹುಲ್ಲು ಆಜೀವವಲ್ಲ, ಆಜೀವಕ್ಕೆ ಉಪಕರಣ. ಸೋಲಿಗನಿಗೆ ಜೇನು ಉಣ್ಣುವ ಪದಾರ್ಥಕ್ಕಿಂತ ಹೆಚ್ಚಾಗಿ ಉಪ್ಪು, ಬಟ್ಟೆ, ಅಕ್ಕಿಗಳ ಬೆಲೆ. ಜೇನನ್ನು ನೆಕ್ಕಬಹುದು, ಮಾರಕೂಡದು ಎಂದರೆ ಸ್ವಂತ ಅಗತ್ಯವೆಂಬ ಪದದ ಅರ್ಥವನ್ನು ಅವನ ಬಾಯಿಗೆ ಮಾತ್ರ ಕಟ್ಟಿಟ್ಟು ಮೈಗೂ ಮಕ್ಕಳಿಗೂ ಇಲ್ಲವೆಂದಂತಾಯಿತು. ವಾಣಿಜ್ಯಕ್ಕೂ ಆಜೀವಕ್ಕೂ ಭೇದವಿಲ್ಲವೆಂದು ಭಾವಿಸಿದ್ದೇ ಇಲ್ಲಿಯ ದೋಷ. ವಿವೀತಾಧ್ಯಕ್ಷನ ಕರ್ತವ್ಯಗಳನ್ನು ಎಣಿಸುವಾಗ ಕೌಟಿಲ್ಯನಿಗೆ ಈ ಪದವು ದೊರೆತಿತ್ತು.

ಅದೇ ೨೦೦೬ರಲ್ಲಿ ಸಂಸತ್ತು ಅರಣ್ಯ ಹಕ್ಕುಗಳ ಮಾನ್ಯತೆಯ ಅಧಿನಿಯಮವನ್ನು ಅಂಗೀಕರಿಸಿತು. ಕಾಯ್ದಿಟ್ಟ, ರಕ್ಷಿತ ಅರಣ್ಯಗಳೂ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೂ ಅದರ ವ್ಯಾಪ್ತಿಗೆ ಸೇರಿದುವು. ಮೂರನೆಯ ಕಲಮಿನಲ್ಲಿ, ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನದ ಒಡೆತನವೂ, ಅದನ್ನು ಸಂಗ್ರಹಿಸುವ, ಉಪಯೋಗಿಸುವ, ವಿಲೇವಾರಿ ಮಾಡುವ ಹಕ್ಕೂ ಅರಣ್ಯವಾಸಿಗಳದೆಂದು ಹೇಳಿದೆ. ಬಿದಿರು, ಬೆತ್ತ, ಜೇನು, ಮೇಣ, ಅರಗು, ಮದ್ದಿನ ಗಿಡ, ಗೆಡ್ಡೆ ಇವೆಲ್ಲ ಆ ಲಕ್ಷಣದೊಳಗೆ ಬರುವುವು. ಇಲ್ಲಿ ಮಾನ್ಯತೆ ಎಂಬ ಪದವೇ ಜೀವಾಳ. ಅನುಜ್ಞೆಯು ಇಲ್ಲದ್ದನ್ನು ಉಂಟುಮಾಡುವುದು. ಮಾನ್ಯತೆಯು ಇದ್ದುದನ್ನು ಗುರುತಿಸುವುದು, ಆ ದೇವದತ್ತನೇ ಇವನು ಎಂಬ ಪ್ರತ್ಯಭಿಜ್ಞೆಯಂತೆ. ಹಕ್ಕನ್ನು ಕೊಟ್ಟೆವೆಂದು ಶಾಸನವು ಹೇಳಲಿಲ್ಲ, ಇದ್ದಿತೆಂದು ಒಪ್ಪಿತು. ಹಕ್ಕು ಸಾಧನೆಯ ಪ್ರಮಾಣಗಳಲ್ಲಿ ಸರಕಾರದ ದಾಖಲೆಗಳೊಡನೆ ನೆಲದ ಮೇಲಿನ ಕುರುಹುಗಳನ್ನೂ, ಕೇಳುವವರಲ್ಲದ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದುದನ್ನೂ ನಿಯಮಗಳು ಸೇರಿಸಿದುವು. ಲಿಖಿತದ ಪಕ್ಕದಲ್ಲಿ ಭುಕ್ತಿಸಾಕ್ಷಿಗಳು ಮತ್ತೆ ಬಂದು ಕುಳಿತುವು. ವಿಜ್ಞಾನೇಶ್ವರನ ಲೌಕಿಕಪಕ್ಷವನ್ನು ಶಾಸನಕರ್ತರು ಓದಿ ಹೀಗೆ ಮಾಡಿದರೆಂದು ಹೇಳಲು ಆಧಾರವಿಲ್ಲ. ನ್ಯಾಯವಾದ ಮಾತಿಗೆ ಗ್ರಂಥವು ಸಿಕ್ಕದಿದ್ದರೂ ದಾರಿ ಸಿಕ್ಕುವುದು.

ಆದರೆ ಈ ಒಡೆಯನನ್ನು ಅನುಷ್ಠಾನದಲ್ಲಿ ಹಳೆಯ ಅರ್ಜಿದಾರನಂತೆಯೇ ನಡೆಸಿಕೊಂಡಲ್ಲಿ ಉಂಟಾಗುವುದು ವದತೋವ್ಯಾಘಾತ. ಒಡೆತನ ನಿನ್ನದು, ಆದರೆ ತೆಗೆಯಲು ಪರವಾನಗಿ ಬೇಕು, ಸಾಗಿಸಲು ರಹದಾರಿ ಬೇಕು, ಎರಡನ್ನೂ ಕೊಡುವವನು ಬೇರೊಬ್ಬನು ಎಂಬುದು ನನ್ನ ತಾಯಿ ಬಂಜೆ ಎನ್ನುವವನ ಮಾತಿಗೆ ಸಮಾನ. ಈ ವ್ಯಾಘಾತವು ಶಾಸನಕರ್ತರಿಗೂ ತೋರಿದುದರಿಂದಲೇ ೨೦೧೨ರಲ್ಲಿ ನಿಯಮಗಳನ್ನು ತಿದ್ದಿ, ಸಂಗ್ರಹಣೆಗೆ ರಾಜಧನವಾಗಲಿ ಶುಲ್ಕವಾಗಲಿ ಇಲ್ಲವೆಂದೂ, ರಹದಾರಿಯನ್ನು ಗ್ರಾಮಸಭೆಯ ಸಮಿತಿಯು ಅಥವಾ ಗ್ರಾಮಸಭೆಯು ನೇಮಿಸಿದವನು ಕೊಡತಕ್ಕದ್ದೆಂದೂ, ರಹದಾರಿಯ ನಿಬಂಧನೆಯು ವಿಲೇವಾರಿಯ ಹಕ್ಕನ್ನು ಮೊಟಕುಮಾಡಕೂಡದೆಂದೂ ಹೇಳಲಾಯಿತು. ಕೌಟಿಲ್ಯನ ದೇಯವು ಇಲ್ಲಿಗೆ ಲೋಪವಾಯಿತು.

ಈ ತಿದ್ದುಪಡಿಗೆ ಮುಂಚೆಯೇ ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ ಮೆಂಢಾ ಲೇಖಾ ಎಂಬ ಗೊಂಡರ ಹಳ್ಳಿಯಲ್ಲಿ ಪ್ರಶ್ನೆಯು ಮುಖಾಮುಖಿಯಾಗಿ ಬಂದಿತ್ತು. ೨೦೦೯ರಲ್ಲಿ ಆ ಹಳ್ಳಿಗೆ ಸಾಮುದಾಯಿಕ ಹಕ್ಕು ಮಾನ್ಯವಾದರೂ ಬಿದಿರು ಕಿರು ಉತ್ಪನ್ನವೋ ಮರವೋ ಎಂಬ ತಕರಾರಿನಿಂದ ಸಾಗಾಣಿಕೆಯು ತಡೆಯಿತು. ಬಿದಿರು ಹುಲ್ಲಿನ ಜಾತಿಯದೆಂಬುದು ಸಸ್ಯಶಾಸ್ತ್ರಜ್ಞರ ನಿಶ್ಚಯ; ಕೌಟಿಲ್ಯನೂ ಅದನ್ನು ಸಾರದಾರುಗಳೊಡನೆ ಸೇರಿಸದೆ ವೇಣುವರ್ಗವೆಂದು ಬೇರೆ ಇರಿಸಿದ್ದನು. ೧೯೨೭ರ ಅಧಿನಿಯಮವು ಮಾತ್ರ ಅದನ್ನು ಮರದಲ್ಲಿ ಸೇರಿಸಿತ್ತು. ಆ ಲಕ್ಷಣದಿಂದ ಬಿದಿರು ಹೊರಬಿದ್ದುದು ೨೦೧೭ರಲ್ಲಿ. ಕಡೆಗೆ ೨೦೧೧ರ ಏಪ್ರಿಲಿನಲ್ಲಿ ಕೇಂದ್ರದ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶರು ಆ ಹಳ್ಳಿಗೆ ಬಂದು ರಹದಾರಿಯ ಪುಸ್ತಕವನ್ನು ಗ್ರಾಮಸಭೆಗೆ ಒಪ್ಪಿಸಿದರು. ಮುದ್ರೆಯು ಉಳಿಯಿತು, ಮುದ್ರಾಧ್ಯಕ್ಷನು ಬದಲಾದನು. ಅದೇ ವರ್ಷದ ಜನವರಿಯಲ್ಲಿ ಬಿಳಿಗಿರಿರಂಗನ ಬೆಟ್ಟವು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾಗಿದ್ದರೂ ಅಕ್ಟೋಬರಿನಲ್ಲಿ ಸೋಲಿಗರ ಪೋಡುಗಳ ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕಿನ ಪತ್ರಗಳು ದೊರೆತುವು.

ಪರವಾನಗಿಯ ಪಕ್ಷದವರು ಕೇಳಬಹುದಾದ ಒಂದು ಪ್ರಶ್ನೆ ಉಳಿದಿದೆ; ಅದನ್ನು ಮುಚ್ಚಿಡುವುದು ವಿಮರ್ಶೆಯಾಗದು. ಕೇಳಿಕೊಳ್ಳುವ ಅಗತ್ಯವೇ ಇಲ್ಲವೆಂದಾದಲ್ಲಿ ಕಾಡು ಉಳಿಯುವುದೆಂತು? ಮನುವು ಬೇರನ್ನೂ ಹಣ್ಣನ್ನೂ ಒಂದೇ ಸಮಾಸದಲ್ಲಿ ಹೇಳಿಬಿಟ್ಟಿರುವನು. ನೆಲ್ಲಿಕಾಯಿಯನ್ನು ಕೊಯ್ದರೆ ಮರಕ್ಕೆ ಕೇಡಿಲ್ಲ, ಕೊಂಬೆಯನ್ನು ಕಡಿಯದಿದ್ದರೆ. ಬೆಟ್ಟದ ನೆಲ್ಲಿಗೆ ಕೊಯ್ಲಿಗಿಂತ ಬದನಿಕೆಯ ಕಾಟವೂ ಲಂಟಾನದ ಹಬ್ಬುವಿಕೆಯೂ ಹೆಚ್ಚಿನ ಕೇಡೆಂದು ಅಲ್ಲಿ ಪರಿಶೀಲಿಸಿದವರು ಹೇಳುವರು. ಮಾಗಳಿಬೇರಿನ ಮಾತು ಹಾಗಲ್ಲ. ಉಪ್ಪಿನಕಾಯಿಗೆ ಪ್ರಿಯವಾದ ಆ ಬೇರನ್ನು ಅಗೆದರೆ ಬಳ್ಳಿಯೇ ಹೋಗಬಹುದು. ಪೇಟೆಯಲ್ಲಿ ಬೆಲೆ ಏರಿದಷ್ಟೂ ಅಗೆತವೂ ಏರುವುದು. ಎಷ್ಟು ಬೇರನ್ನು ತೆಗೆದು ಎಷ್ಟನ್ನು ನೆಲದಲ್ಲಿ ಬಿಡಬೇಕೆಂಬ ಕಟ್ಟು ಇಲ್ಲಿ ಬೇಕು. ಆದರೆ ಆ ಕಟ್ಟನ್ನು ಹೇಳುವುದಕ್ಕೆ ಕಾಡೆಲ್ಲ ಅನ್ಯಪೂರ್ವವೆಂಬ ಪೂರ್ವಭಾವನೆಯು ಅಗತ್ಯವಲ್ಲ. ೨೦೦೬ರ ಅಧಿನಿಯಮದ ಐದನೆಯ ಕಲಮು ಕಾಡನ್ನೂ ಜೀವಿಗಳನ್ನೂ ಕಾಪಾಡುವ ಅಧಿಕಾರವನ್ನು ಹಕ್ಕುದಾರರಿಗೂ ಗ್ರಾಮಸಭೆಗೂ ಕೊಟ್ಟಿದೆ. ಮಾಗಳಿಯನ್ನು ಯಾವ ಇಳಿಜಾರಿನಲ್ಲಿ ಯಾವ ವರ್ಷ ಅಗೆಯಬಹುದು, ಯಾವುದನ್ನು ಬಿಟ್ಟಿರಬೇಕು ಎಂಬ ಲೆಕ್ಕವನ್ನು ಬರೆದಿಡತಕ್ಕ ಪುಸ್ತಕವು ಇನ್ನು ಪೋಡಿನಲ್ಲಿಯೇ ಇರತಕ್ಕದ್ದು.